ತಲಾಖಿನ ಕಟ್ಟಳೆ ಮತ್ತು ಹೆಣ್ಣಿನ ಹಕ್ಕು

ನಮ್ಮ ಕಿತ್ತೂರು ನಾಡಿನಲ್ಲಿ ವ್ಯಾಜ್ಯದ ಮಾತು ಹೊರಟಿತೆಂದರೆ, ಓದುಬರಹ ಬಾರದ ಒಕ್ಕಲಿಗನೂ ಸರಾಗವಾಗಿ ಆಡುವ ಕೆಲವು ಶಬ್ದಗಳಿವೆ: ಹಕ್ಕು, ದಾವೆ, ವಕೀಲ, ಕರಾರು, ಕಾಯಿದೆ, ಜಾಮೀನು. ಇವೆಲ್ಲವೂ ಅರಬ್ಬೀ ಮೂಲದ ಶಬ್ದಗಳು. ಪಾರಸಿಯ ಹಾದಿ ಹಿಡಿದು, ವಿಜಾಪುರದ ಆದಿಲಶಾಹಿ ಕಚೇರಿಗಳನ್ನು ಹಾಯ್ದು, ನಮ್ಮ ದೇಸಾಯರ ಚಾವಡಿಗಳಿಗೆ ಬಂದು, ಕೊನೆಗೆ ಕನ್ನಡವೇ ಆಗಿ ನಿಂತವು. ಈ ನುಡಿಗಳಲ್ಲಿ ಎರಡನ್ನು, ಎಂದರೆ ‘ಕರಾರು’ ಮತ್ತು ‘ಹಕ್ಕು’ ಎಂಬವನ್ನು, ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಇಸ್ಲಾಮೀ ಧರ್ಮಶಾಸ್ತ್ರದ ಪ್ರಕಾರ ಮದುವೆಯೆಂಬುದು ಒಂದು ಕರಾರು. ಕರಾರು ಎಂದ ಮೇಲೆ ಇಬ್ಬರೂ ಒಪ್ಪಬೇಕು, ಸಾಕ್ಷಿಗಳು ಬೇಕು, ಕೊಡತಕ್ಕದ್ದು ಕೊಳ್ಳತಕ್ಕದ್ದು ಗೊತ್ತಾಗಬೇಕು. ಮುರಿಯಬೇಕಾಗಿ ಬಂದರೆ ಅದಕ್ಕೂ ಒಂದು ರೀತಿ ಇರಬೇಕು. ಆ ರೀತಿ ಯಾವುದು, ಅದರಲ್ಲಿ ಹೆಣ್ಣಿಗೆ ಇದ್ದ ಹಕ್ಕು ಎಷ್ಟು, ಅದು ಆಕೆಯ ಕೈಗೆ ಮುಟ್ಟಿದ್ದು ಎಷ್ಟು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಇಸ್ಲಾಮಿನ ಉದಯಕ್ಕೆ ಮುನ್ನ ಅರಬಸ್ಥಾನದಲ್ಲಿ ಗಂಡಸು ಹೆಂಡತಿಯನ್ನು ಎಷ್ಟು ಸಲ ಬೇಕಾದರೂ ಬಿಡಬಹುದಾಗಿತ್ತು, ಎಷ್ಟು ಸಲ ಬೇಕಾದರೂ ಮರಳಿ ಕರೆದುಕೊಳ್ಳಬಹುದಾಗಿತ್ತು. ಬಿಟ್ಟೂ ಬಿಡದೆ, ಇಟ್ಟುಕೊಂಡೂ ಇಟ್ಟುಕೊಳ್ಳದೆ, ಹೆಣ್ಣನ್ನು ನಡುನೀರಿನಲ್ಲಿ ನಿಲ್ಲಿಸುವುದು ವಾಡಿಕೆಯಾಗಿತ್ತು. ಹೆಂಡತಿಯ ಬಳಿಗೆ ಹೋಗುವುದಿಲ್ಲವೆಂದು ಆಣೆಯಿಟ್ಟು ವರುಷಗಟ್ಟಲೆ ಸುಮ್ಮನಿರುವವರೂ ಇದ್ದರು. ಕುರಾನು ಈ ಅವ್ಯವಸ್ಥೆಗೆ ಕಟ್ಟು ಹಾಕಿತು. ಅಂಥ ಆಣೆಗೆ ನಾಲ್ಕು ತಿಂಗಳ ಗಡುವನ್ನು ಗೊತ್ತುಮಾಡಿತು. ಅಷ್ಟರೊಳಗೆ ಗಂಡನು ಕೂಡಿಕೊಳ್ಳಬೇಕು, ಇಲ್ಲವೆ ಬಿಟ್ಟುಕೊಡಬೇಕು. ತಲಾಖು ಹೇಳಿದ ಮೇಲೆ ಹೆಣ್ಣು ಮೂರು ಮಾಸಿಕ ಋತುಗಳ ಕಾಲ ಕಾಯತಕ್ಕದ್ದು. ಇದಕ್ಕೆ ‘ಇದ್ದತ್’ ಎಂದು ಹೆಸರು. ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ ಈ ಅವಧಿ. ಅಷ್ಟು ದಿನ ಆಕೆಯ ವಸತಿ, ಊಟ, ಉಡುಗೆಗಳ ಹೊಣೆ ಗಂಡನದು. ಈ ಅವಧಿಯಲ್ಲಿ ಗಂಡನ ಸಿಟ್ಟು ಇಳಿದು ಒಳ್ಳೆಯ ಮನಸ್ಸಿನಿಂದ ಕೂಡಿಕೊಳ್ಳುವುದಾದರೆ ಹೊಸ ಮದುವೆಯ ಅವಶ್ಯಕತೆಯಿಲ್ಲ. ಹೀಗೆ ಬಿಟ್ಟು ಕೂಡಿಕೊಳ್ಳುವ ಅವಕಾಶ ಎರಡೇ ಸಲ. ಮೂರನೆಯ ಸಲ ಬಿಟ್ಟರೆ ಆಕೆ ಬೇರೊಬ್ಬನನ್ನು ಮದುವೆಯಾಗಿ, ಆ ಮದುವೆಯೂ ಸಹಜವಾಗಿ ಮುಗಿದ ಹೊರತು ಮೊದಲಿನವನಿಗೆ ಮರಳಿ ಹೆಂಡತಿಯಾಗಲಾರಳು. ಹೆಂಡತಿಯನ್ನು ಚೆಂಡಿನಂತೆ ಎಸೆದು ಹಿಡಿಯುವ ಗಂಡನಿಗೆ ಹಾಕಿದ ಲಗಾಮು ಇದು. ಮುಂದಿನವರು ಈ ಲಗಾಮನ್ನೇ ಹೆಣ್ಣಿನ ಕೊರಳಿಗೆ ಸುತ್ತಿದುದು ಬೇರೆ ಮಾತು.

ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ಹೇಳಬೇಕು. ಗಂಡಹೆಂಡಿರಲ್ಲಿ ಒಡಕು ಬರುವ ಅಂಜಿಕೆಯಿದ್ದರೆ ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ, ಹೀಗೆ ಇಬ್ಬರು ಮಧ್ಯಸ್ಥರನ್ನು ಕೂಡಿಸಿ ರಾಜಿ ಮಾಡಿಸತಕ್ಕದ್ದೆಂದು ಕುರಾನಿನ ನಾಲ್ಕನೆಯ ಅಧ್ಯಾಯದ ವಿಧಿ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಟ್ಟೆಗೆ ಕುಳಿತು ಮನೆಯ ಜಗಳ ಬಗೆಹರಿಸುವ ಪದ್ಧತಿಯನ್ನು ಕಂಡವರಿಗೆ ಇದು ಹೊಸದೆನಿಸದು. ಬಾಯಿಂದ ಶಬ್ದ ಹೊರಡುವುದಕ್ಕೆ ಮೊದಲು ಮಧ್ಯಸ್ಥಿಕೆ, ಹೊರಟ ಮೇಲೆ ಕಾಯುವ ಕಾಲ. ಇವೆರಡೂ ತಲಾಖಿನ ಇಕ್ಕೆಲದಲ್ಲಿ ನಿಲ್ಲಿಸಿದ ಕಾವಲುಗಾರರು.

ಇಷ್ಟು ಗಂಡಸಿನ ಅಧಿಕಾರಕ್ಕೆ ಹಾಕಿದ ಎಲ್ಲೆ. ಹೆಣ್ಣಿನ ಸ್ವಂತದ ಹಕ್ಕುಗಳಲ್ಲಿ ಮೊದಲನೆಯದು ಮೆಹರ್. ನಮ್ಮ ಕಡೆ ಹಲವು ಜಾತಿಗಳಲ್ಲಿ ಹಿಂದೆ ‘ತೆರ’ ಕೊಡುವ ಪದ್ಧತಿಯಿತ್ತು. ಅದು ಹುಡುಗಿಯ ತಂದೆಯ ಕೈಸೇರುವ ಹಣ. ಮೆಹರ್ ಹಾಗಲ್ಲ. ಅದು ಮದುಮಗಳ ಸ್ವಂತದ ಸೊತ್ತು. ತಂದೆಗೆ ಅದರಲ್ಲಿ ಭಾಗವಿಲ್ಲ. ಕೊಟ್ಟದ್ದು ಬಂಗಾರದ ರಾಶಿಯೇ ಆಗಿದ್ದರೂ ಬಿಡುವಾಗ ಗಂಡನು ಅದರಿಂದ ಏನನ್ನೂ ಹಿಂದಕ್ಕೆ ಪಡೆಯಕೂಡದು. ಖಲೀಫ ಉಮರರು ಒಮ್ಮೆ ಮೆಹರಿನ ಮೊತ್ತಕ್ಕೆ ಮಿತಿ ಹಾಕಲು ಹೊರಟಾಗ, ಒಬ್ಬ ಹೆಣ್ಣುಮಗಳು ಎದ್ದುನಿಂತು ಕುರಾನಿನ ಈ ವಚನವನ್ನು ನೆನಪಿಸಿದಳೆಂದೂ, ಖಲೀಫರು ತಮ್ಮ ಮಾತನ್ನು ಹಿಂತೆಗೆದುಕೊಂಡರೆಂದೂ ಐತಿಹ್ಯವಿದೆ. ತುಂಬಿದ ಸಭೆಯಲ್ಲಿ ರಾಜ್ಯದ ಒಡೆಯನನ್ನು ತಡೆದು ನಿಲ್ಲಿಸುವ ಧೈರ್ಯ ಆಕೆಗೆ ಬಂದುದು ತನ್ನ ಹಕ್ಕು ಗ್ರಂಥದಲ್ಲಿ ಎಲ್ಲಿದೆಯೆಂಬುದು ಆಕೆಗೆ ಗೊತ್ತಿದ್ದುದರಿಂದ.

ಎರಡನೆಯದು, ಹೆಣ್ಣು ತಾನಾಗಿ ಬಿಡುಗಡೆ ಪಡೆಯುವ ಹಕ್ಕು. ಇದಕ್ಕೆ ‘ಖುಲಾ’ ಎನ್ನುತ್ತಾರೆ. ಪ್ರವಾದಿಗಳ ಕಾಲದಲ್ಲಿ ಸಾಬಿತ್ ಬಿನ್ ಕೈಸ್ ಎಂಬವನ ಹೆಂಡತಿ ಅವರ ಬಳಿಗೆ ಬಂದು, ತನ್ನ ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ತಪ್ಪು ಕಾಣುತ್ತಿಲ್ಲ, ಆದರೆ ಅವನೊಡನೆ ಬಾಳಲಾರೆನೆಂದು ಹೇಳಿದಳು. ಅವನು ಮೆಹರಾಗಿ ಕೊಟ್ಟ ತೋಟವನ್ನು ಮರಳಿ ಕೊಡುವೆಯಾ ಎಂದು ಕೇಳಿದಾಗ ಒಪ್ಪಿದಳು. ಪ್ರವಾದಿಗಳು ಸಾಬಿತನಿಗೆ ತೋಟವನ್ನು ತೆಗೆದುಕೊಂಡು ಆಕೆಯನ್ನು ಬಿಡುವಂತೆ ಹೇಳಿದರು. ಬರೀರಾ ಎಂಬ ದಾಸಿಯ ಕಥೆ ಇನ್ನೂ ಮನಮುಟ್ಟುವಂಥದು. ದಾಸ್ಯದಿಂದ ಬಿಡುಗಡೆ ಹೊಂದಿದ ಮೇಲೆ, ದಾಸನಾಗಿದ್ದ ಗಂಡನೊಡನೆ ಇರುವುದೋ ಬಿಡುವುದೋ ಎಂಬ ಆಯ್ಕೆ ಆಕೆಗೆ ದೊರೆಯಿತು, ಆಕೆ ಬಿಟ್ಟಳು. ಗಂಡ ಮುಗೀಸನು ಮದೀನೆಯ ಬೀದಿಗಳಲ್ಲಿ ಅಳುತ್ತ ಆಕೆಯ ಹಿಂದೆ ತಿರುಗಿದನು. ಮರುಗಿದ ಪ್ರವಾದಿಗಳು ಮತ್ತೆ ಕೂಡಿಕೊಳ್ಳಬಾರದೇ ಎಂದು ಆಕೆಯನ್ನು ಕೇಳಿದರು. ಇದು ಆಜ್ಞೆಯೇ ಎಂದು ಆಕೆ ಮರುಕೇಳಿದಳು. ಅಲ್ಲ, ಬರಿಯ ಶಿಫಾರಸು ಎಂದು ತಿಳಿದಾಗ, ಹಾಗಾದರೆ ಅವನು ನನಗೆ ಬೇಡವೆಂದಳು. ಆ ಮಾತಿಗೆ ಮೇಲ್ಮನವಿಯಿರಲಿಲ್ಲ.

ಮೂರನೆಯದು ‘ತಫ್ವೀಜ್’. ಮದುವೆಯ ಕರಾರಿನಲ್ಲಿಯೇ, ಇಂಥಿಂಥ ಸಂದರ್ಭದಲ್ಲಿ ಹೆಂಡತಿ ತಾನೇ ತಲಾಖನ್ನು ಹೇಳಿಕೊಳ್ಳಬಹುದೆಂದು ಗಂಡನು ತನ್ನ ಅಧಿಕಾರವನ್ನು ಆಕೆಗೆ ವಹಿಸಿಕೊಡುವ ಷರತ್ತು ಇದು. ನಾಲ್ಕನೆಯದು ‘ಫಸ್ಖ್’, ಎಂದರೆ ಕಾಜಿಯ ಎದುರು ದೂರು ಒಯ್ದು ಮದುವೆಯನ್ನು ರದ್ದುಪಡಿಸಿಕೊಳ್ಳುವುದು. ಇಬ್ಬರೂ ಒಪ್ಪಿ ಅಗಲುವ ‘ಮುಬಾರಾತ್’ ಎಂಬ ಪದ್ಧತಿಯೂ ಉಂಟು.

ಈ ಶಬ್ದಗಳ ಮೂಲಾರ್ಥವನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ‘ತಲಾಖ್’ ಎಂಬುದರ ಧಾತುವಿಗೆ ಕಟ್ಟು ಬಿಚ್ಚುವುದು, ಬಿಡುವುದು ಎಂದರ್ಥ. ನಮ್ಮ ಕಡೆ ಹಿಂದೂ ಜಾತಿಗಳಲ್ಲಿ ರೂಢಿಯಲ್ಲಿದ್ದ ‘ಸೋಡಚೀಟಿ’ಯ ಅರ್ಥವೂ ಅದೇ, ಮರಾಠಿಯ ‘ಸೋಡಣೆ’ ಎಂದರೆ ಬಿಡುವುದು. ‘ಖುಲಾ’ ಎಂಬುದು ತೊಟ್ಟ ಬಟ್ಟೆಯನ್ನು ಕಳಚುವುದೆಂಬ ಅರ್ಥದ ಧಾತುವಿನಿಂದ ಬಂದದ್ದು. ಗಂಡಹೆಂಡಿರು ಒಬ್ಬರಿಗೊಬ್ಬರು ಉಡುಪು ಇದ್ದಂತೆ ಎಂಬ ಕುರಾನಿನ ಹೋಲಿಕೆ ಅದಕ್ಕೆ ಹೊಂದುತ್ತದೆ. ಬಿಡುಗಡೆಯಾದವಳು ಅಥವಾ ವಿಧವೆ ಮತ್ತೆ ಮದುವೆಯಾಗುವುದಕ್ಕೆ ನಮ್ಮವರು ‘ಉಡಿಕಿ’ ಎಂದರು. ಸೀರೆ ಉಡಿಸುವುದೇ ಅದರ ಮುಖ್ಯ ವಿಧಿ. ಅಲ್ಲಿ ಬಟ್ಟೆ ಕಳಚಿದರೆ ಬಿಡುಗಡೆ, ಇಲ್ಲಿ ಬಟ್ಟೆ ಉಡಿಸಿದರೆ ಮರುಮದುವೆ. ದೇಶ ದೂರ, ಧರ್ಮ ಬೇರೆ, ಬಾಳಿನ ಅಗತ್ಯವೊಂದೇ.

ಹೀಗಿರಲು, ಒಂದೇ ಉಸಿರಿನಲ್ಲಿ ಮೂರು ಸಲ ತಲಾಖೆಂದು ಹೇಳಿ ಮನೆ ಮುರಿಯುವ ಪದ್ಧತಿ ಎಲ್ಲಿಂದ ಬಂದಿತು? ಪ್ರವಾದಿಗಳ ಕಾಲದಲ್ಲಿಯೂ, ಮೊದಲ ಖಲೀಫ ಅಬೂಬಕರರ ಕಾಲದಲ್ಲಿಯೂ, ಉಮರರ ಆಳಿಕೆಯ ಮೊದಲ ಎರಡು ವರುಷಗಳಲ್ಲಿಯೂ ಹಾಗೆ ಒಟ್ಟಿಗೆ ಹೇಳಿದ ಮೂರು ಮಾತುಗಳನ್ನು ಒಂದೆಂದೇ ಎಣಿಸುತ್ತಿದ್ದರೆಂದು ಇಬ್ನ್ ಅಬ್ಬಾಸರ ಹೇಳಿಕೆ ‘ಸಹೀಹ್ ಮುಸ್ಲಿಮ್’ ಎಂಬ ಸಂಗ್ರಹದಲ್ಲಿದೆ. ಜನರು ಅವಸರಪಡತೊಡಗಿದುದನ್ನು ಕಂಡು ಉಮರರು (ಆಳಿಕೆ ೬೩೪–೬೪೪) ಮೂರನ್ನು ಮೂರೆಂದೇ ಜಾರಿಗೆ ತಂದರು; ಆಡಿದವನು ಆಡಿದ್ದನ್ನು ಅನುಭವಿಸಲಿ ಎಂಬುದು ಅದರ ಇಂಗಿತವೆಂದು ತಿಳಿದವರು ಹೇಳುತ್ತಾರೆ. ಹುಡುಗಾಟದ ಗಂಡಸರಿಗೆ ವಿಧಿಸಿದ ಶಿಕ್ಷೆ ಮುಂದೆ ಶಾಸ್ತ್ರವೇ ಆಗಿ ನಿಂತಿತು. ಸುನ್ನೀ ಪಂಥದ ನಾಲ್ಕು ಶಾಖೆಗಳೂ ಅದನ್ನು ಪಾಪವೆಂದೋ ಅನುಚಿತವೆಂದೋ ಬಗೆದರೂ ಸಿಂಧುವೆಂದು ಒಪ್ಪಿದವು. ಅದಕ್ಕೆ ‘ತಲಾಖೆ ಬಿದ್ದತ್’, ಅಂದರೆ ಹೊಸದಾಗಿ ಸೇರಿಕೊಂಡ ತಲಾಖು ಎಂಬ ಹೆಸರೇ ಬಂದಿತು. ಶಿಯಾ ಪಂಥದವರು ಇದನ್ನು ಒಪ್ಪಲಿಲ್ಲ; ಅವರಲ್ಲಿ ತಲಾಖಿಗೆ ಇಬ್ಬರು ಸಾಕ್ಷಿಗಳೂ ಬೇಕು. ಸುನ್ನಿಗಳಲ್ಲಿಯೇ ಹದಿನಾಲ್ಕನೆಯ ಶತಮಾನದ ಪಂಡಿತ ಇಬ್ನ್ ತೈಮಿಯಾ ಮೂರನ್ನು ಒಂದೆಂದೇ ಎಣಿಸಬೇಕೆಂದು ವಾದಿಸಿದನು. ಈಜಿಪ್ತ ದೇಶವು ೧೯೨೯ರಲ್ಲಿ ಅದನ್ನೇ ಕಾಯಿದೆಯಾಗಿ ಮಾಡಿತು.

ಇನ್ನು ನಮ್ಮ ನಾಡಿಗೆ ಬರೋಣ. ಉತ್ತರ ಕರ್ನಾಟಕದ ಮುಸಲ್ಮಾನರಲ್ಲಿ ಬಹುಪಾಲು ಜನ ಹನಫೀ ಶಾಖೆಯವರು. ಕರಾವಳಿಯ ನವಾಯತರು, ಬ್ಯಾರಿಗಳು ಶಾಫಿಯೀ ಶಾಖೆಯವರು. ಸಂಪಗಾಂವಿ, ಕಿತ್ತೂರು, ಪರಸಗಡದ ನೆಲವೆಲ್ಲ ವಿಜಾಪುರದ ಕೈಕೆಳಗಿದ್ದ ಕಾಲದಲ್ಲಿ ಮುಸಲ್ಮಾನರ ಮದುವೆ ಬಿಡುಗಡೆಗಳ ವ್ಯಾಜ್ಯಕ್ಕೆ ಕಾಜಿಯೇ ನ್ಯಾಯಾಧೀಶ. ಹೆಣ್ಣುಮಗಳು ದೂರು ತಂದರೆ ಅದನ್ನು ಕೇಳಿ ಮದುವೆಯನ್ನು ರದ್ದು ಮಾಡುವ ಅಧಿಕಾರ ಅವನಿಗಿತ್ತು. ಕುಂಪಣಿ ಸರಕಾರದ ಕಾಲಕ್ಕೆ ಆ ಅಧಿಕಾರ ಹೋಯಿತು. ಕಾಜಿ ಮದುವೆ ಮಾಡಿಸುವವನಾಗಿ ಉಳಿದನೇ ಹೊರತು ನ್ಯಾಯ ಹೇಳುವವನಾಗಿ ಉಳಿಯಲಿಲ್ಲ. ಪರಿಣಾಮವೇನಾಯಿತೆಂದರೆ, ಗಂಡಸಿನ ತಲಾಖಿಗೆ ಯಾರ ಅಪ್ಪಣೆಯೂ ಬೇಡವಾದ್ದರಿಂದ ಅದು ಹಾಗೆಯೇ ನಡೆಯಿತು. ಹೆಣ್ಣಿನ ಫಸ್ಖಿಗೆ ಕಾಜಿ ಬೇಕಾಗಿದ್ದರಿಂದ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಒಂದೇ ಮನೆಯ ಎರಡು ಬಾಗಿಲುಗಳಲ್ಲಿ ಒಂದು ತೆರೆದಿತ್ತು, ಒಂದಕ್ಕೆ ಬೀಗ ಬಿದ್ದಿತ್ತು.

ಮುಂಬಯಿ ಇಲಾಖೆಯಲ್ಲಿ ಎಲ್ಫಿನ್ಸ್ಟನ್ ಸಾಹೇಬನ ಕಾಲದ ೧೮೨೭ರ ನಾಲ್ಕನೆಯ ರೆಗ್ಯುಲೇಶನ್ನು ನ್ಯಾಯಾಲಯಗಳಿಗೆ ಒಂದು ಕ್ರಮವನ್ನು ಹಾಕಿಕೊಟ್ಟಿತು: ಮೊದಲು ಸರಕಾರದ ಕಾಯಿದೆ, ಅದಿಲ್ಲದಿದ್ದರೆ ದೇಶದ ರೂಢಿ, ಅದೂ ಇಲ್ಲದಿದ್ದರೆ ಪ್ರತಿವಾದಿಯ ಧರ್ಮಶಾಸ್ತ್ರ, ಕೊನೆಗೆ ನ್ಯಾಯಬುದ್ಧಿ. ಇದರಲ್ಲಿ ರೂಢಿಯು ಶಾಸ್ತ್ರಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿತು. ರೂಢಿ ಹೆಣ್ಣಿಗೆ ಹೇಗೆ ಎರವಾಯಿತೆಂಬುದು ೧೮೪೭ರಲ್ಲಿ ಗೊತ್ತಾಯಿತು. ಮುಂಬಯಿಯ ಖೋಜಾ ಮತ್ತು ಮೇಮಣ ಸಮಾಜಗಳ ಹೆಣ್ಣುಮಕ್ಕಳು ತಂದೆಯ ಆಸ್ತಿಯಲ್ಲಿ ಕುರಾನು ಹೇಳಿದ ಭಾಗ ತಮಗೆ ಬರಬೇಕೆಂದು ಅಲ್ಲಿಯ ಸುಪ್ರೀಮ್ ಕೋರ್ಟಿಗೆ ಹೋದರು. ತಮ್ಮ ಸಮಾಜದ ರೂಢಿಯಲ್ಲಿ ಹೆಣ್ಣಿಗೆ ಪಾಲಿಲ್ಲವೆಂದು ಎದುರಾಳಿಗಳು ವಾದಿಸಿದರು. ನ್ಯಾಯಮೂರ್ತಿ ಅರ್ಸ್ಕಿನ್ ಪೆರಿ ಸಾಹೇಬನು ರೂಢಿಯನ್ನೇ ಎತ್ತಿಹಿಡಿದನು. ಗ್ರಂಥದಲ್ಲಿ ಇದ್ದ ಪಾಲು ನ್ಯಾಯಾಲಯದಲ್ಲಿ ಸಿಗಲಿಲ್ಲ.

ಕಾಗದವನ್ನು ಓದುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದರ ಮೇಲೆ ಹಕ್ಕು ನಿಲ್ಲುತ್ತದೆಂಬುದನ್ನು ಕಿತ್ತೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ೧೮೨೪ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮರಣಕಾಲದಲ್ಲಿ ಮಾಡಿಕೊಂಡ ದತ್ತಕವು ನಮ್ಮ ರೂಢಿಗೆ ಸರಿಯಾಗಿತ್ತು; ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕಣ್ಣಿಗೆ ಆ ಪತ್ರ ಸಂಶಯಾಸ್ಪದವಾಗಿ ಕಂಡಿತು. ಮುಂದಿನದನ್ನು ರಾಣಿ ಚನ್ನಮ್ಮನ ಖಡ್ಗ ಹೇಳಿತು. ಮುಸಲ್ಮಾನ ಹೆಣ್ಣುಮಗಳ ಪಾಲಿಗೆ ಖಡ್ಗವೂ ಇರಲಿಲ್ಲ, ಕೋಟೆಯೂ ಇರಲಿಲ್ಲ.

೧೮೯೭ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಇನ್ನೊಂದು ಕಟ್ಟು ಹಾಕಿತು. ಹಳೆಯ ಭಾಷ್ಯಕಾರರು ಸ್ಪಷ್ಟವಾಗಿ ಹೇಳಿದ್ದಕ್ಕೆ ವಿರುದ್ಧವಾಗಿ ನ್ಯಾಯಾಲಯಗಳು ಕುರಾನಿಗೆ ತಮ್ಮದೇ ಅರ್ಥವನ್ನು ಹಚ್ಚಕೂಡದೆಂದಿತು. ೧೯೦೫ರಲ್ಲಿ ಸಾರಾಬಾಯಿ–ರಾಬಿಯಾಬಾಯಿ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಬ್ಯಾಚಲರ್ ಸಾಹೇಬನು, ಒಮ್ಮೆಲೇ ಮುರಿಯುವ ತಲಾಖು ಧರ್ಮದೃಷ್ಟಿಯಿಂದ ಕೆಟ್ಟದ್ದಾದರೂ ಕಾಯಿದೆಯ ದೃಷ್ಟಿಯಿಂದ ಸಿಂಧು ಎಂಬ ಅಭಿಪ್ರಾಯಕ್ಕೆ ಬಂದನು. ಬೆಳಗಾವಿ, ಧಾರವಾಡ ಜಿಲ್ಲೆಗಳು ಆ ಹೈಕೋರ್ಟಿನ ಕೆಳಗೇ ಇದ್ದವು. ಆದುದರಿಂದ ಆ ಒಂದು ತೀರ್ಪು ಬೈಲಹೊಂಗಲ, ಸವದತ್ತಿಗಳ ಮನೆಗಳಿಗೂ ಅನ್ವಯವಾಯಿತು.

ಹಿಂದೂ ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ಮೇಲಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಸೋಡಚೀಟಿ, ಉಡಿಕಿಗಳ ರೂಢಿಯಿದ್ದ ಜಾತಿಗಳನ್ನು ಬಿಟ್ಟರೆ ಮಿಕ್ಕವರಲ್ಲಿ ಬಿಡುಗಡೆ ಎಂಬ ಮಾತೇ ಇರಲಿಲ್ಲ. ಬಾಲ್ಯದಲ್ಲಿ ಮಾಡಿದ ಮದುವೆಯನ್ನು ಒಪ್ಪದ ರುಖ್ಮಾಬಾಯಿಗೆ, ಗಂಡನ ಮನೆಗೆ ಹೋಗಬೇಕು ಇಲ್ಲವೆ ಸೆರೆಮನೆಗೆ ಹೋಗಬೇಕೆಂದು ಮುಂಬಯಿ ಹೈಕೋರ್ಟು ೧೮೮೭ರಲ್ಲಿ ಹೇಳಿತು. ಸೆರೆಗೂ ಸಿದ್ಧಳೆಂದ ಆಕೆ ೧೮೮೮ರ ರಾಜಿಯ ನಂತರ ಬಿಡುಗಡೆ ಹೊಂದಿ, ಇಂಗ್ಲೆಂಡಿಗೆ ಹೋಗಿ ವೈದ್ಯೆಯಾಗಿ ಬಂದಳು.

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಬೀಗ ಬಿದ್ದ ಬಾಗಿಲಿನ ಸಂಕಟ ಬಹಿರಂಗವಾಯಿತು. ಗಂಡನು ನಾಪತ್ತೆಯಾದರೆ, ಅವನು ಹುಟ್ಟಿ ಸುಮಾರು ತೊಂಬತ್ತು ವರುಷ ತುಂಬುವವರೆಗೂ ಹೆಂಡತಿ ಕಾಯಬೇಕೆಂಬುದು ಹನಫೀ ಶಾಖೆಯ ಹಳೆಯ ಮತ. ಅನ್ನಬಟ್ಟೆ ಕೊಡದಿದ್ದರೂ, ಹೊಡೆದು ಬಡಿದರೂ ಬಿಡುಗಡೆ ದುರ್ಲಭ. ಬೇರೆ ದಾರಿ ಕಾಣದ ಕೆಲವು ಹೆಣ್ಣುಮಕ್ಕಳು, ಮುಖ್ಯವಾಗಿ ಪಂಜಾಬದಲ್ಲಿ, ಧರ್ಮವನ್ನೇ ಬಿಟ್ಟರು. ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತದೆಂದು ಕೋರ್ಟುಗಳು ಒಪ್ಪುತ್ತಿದ್ದವು. ಇದನ್ನು ಕಂಡು ದೇವಬಂದದ ಸಂಪ್ರದಾಯದ ಹಿರಿಯ ವಿದ್ವಾಂಸರಾದ ಅಶ್ರಫ್ ಅಲಿ ಥಾನವಿಯವರು ಚಿಂತಿಸಿದರು. ಹನಫೀ ಮತದಲ್ಲಿ ಪರಿಹಾರ ಕಾಣದಿದ್ದಲ್ಲಿ ಮಾಲಿಕೀ ಮತವನ್ನು ಅನುಸರಿಸಬಹುದೆಂದು ಅವರು ಗ್ರಂಥ ಬರೆದು ತೋರಿಸಿದರು. ಮಾಲಿಕೀ ಮತದಲ್ಲಿ ನಾಪತ್ತೆಯಾದ ಗಂಡನಿಗಾಗಿ ಕಾಯುವುದು ನಾಲ್ಕೇ ವರುಷ. ಪರಂಪರೆಯೊಳಗೇ ನಿಂತು, ಪರಂಪರೆಯ ಭಂಡಾರದಿಂದಲೇ ಔಷಧ ತೆಗೆದ ಉದಾಹರಣೆ ಇದು.

ಫಲವಾಗಿ ಎರಡು ಕಾಯಿದೆಗಳು ಬಂದವು. ೧೯೩೭ರ ಶರೀಯತ್ ಕಾಯಿದೆ ಮದುವೆ, ಬಿಡುಗಡೆ, ಮೆಹರ್, ಜೀವನಾಂಶ, ವಾರಸು ಮೊದಲಾದವುಗಳಲ್ಲಿ ರೂಢಿಯನ್ನು ಕೆಳಗಿಳಿಸಿ ಶಾಸ್ತ್ರವನ್ನು ಮೇಲಕ್ಕೇರಿಸಿತು. ಆದರೆ ಬೇಸಾಯದ ಭೂಮಿಯನ್ನು ಹೊರಗಿಟ್ಟಿತು. ಎರೆಭೂಮಿಯೇ ಆಸ್ತಿಯಾಗಿರುವ ನಮ್ಮಂಥ ನಾಡಿನಲ್ಲಿ ಈ ಹೊರಗಿಟ್ಟ ಮಾತು ಚಿಕ್ಕದಲ್ಲ. ಎರಡನೆಯದು ೧೯೩೯ರ ಮುಸ್ಲಿಮ್ ವಿವಾಹ ವಿಸರ್ಜನ ಕಾಯಿದೆ. ಕೇಂದ್ರ ಶಾಸನಸಭೆಯಲ್ಲಿ ಇದರ ಮಸೂದೆಯನ್ನು ತಂದವರು ಕಾಜಿ ಮುಹಮ್ಮದ್ ಅಹಮದ್ ಕಾಜ್ಮಿಯವರು. ಗಂಡನು ನಾಲ್ಕು ವರುಷ ನಾಪತ್ತೆಯಾಗಿದ್ದರೆ, ಎರಡು ವರುಷ ಅನ್ನಬಟ್ಟೆ ಕೊಡದಿದ್ದರೆ, ಏಳು ವರುಷದ ಸೆರೆ ಶಿಕ್ಷೆಯಾದರೆ, ಮೂರು ವರುಷ ಕಾರಣವಿಲ್ಲದೆ ದಾಂಪತ್ಯಧರ್ಮ ನಡೆಸದಿದ್ದರೆ, ಷಂಡತ್ವ, ಹುಚ್ಚು ಮುಂತಾದ ದೋಷಗಳಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಂಡತಿ ಕೋರ್ಟಿನಿಂದ ಬಿಡುಗಡೆ ಪಡೆಯಬಹುದಾಯಿತು. ಆಕೆಯ ಆಸ್ತಿಯನ್ನು ಗಂಡನು ಹಾಳುಮಾಡುವುದು, ಹಲವು ಹೆಂಡಿರಿದ್ದಾಗ ಸಮನಾಗಿ ನೋಡದಿರುವುದು ಇವೂ ಕ್ರೌರ್ಯದ ಲೆಕ್ಕದಲ್ಲಿ ಬಂದವು. ಹದಿನೈದು ವರುಷದೊಳಗೆ ಹಿರಿಯರು ಮದುವೆ ಮಾಡಿಕೊಟ್ಟಿದ್ದರೆ, ದಾಂಪತ್ಯ ನಡೆಯದಿದ್ದ ಪಕ್ಷದಲ್ಲಿ, ಹದಿನೆಂಟು ತುಂಬುವ ಮುನ್ನ ಆ ಮದುವೆಯನ್ನು ಅವಳು ನಿರಾಕರಿಸಬಹುದಾಯಿತು. ಧರ್ಮ ಬಿಟ್ಟಮಾತ್ರಕ್ಕೆ ಮದುವೆ ಮುರಿಯದೆಂದೂ ಅದೇ ಕಾಯಿದೆ ಹೇಳಿತು.

ನಮ್ಮ ಭಾಗದ ಇತಿಹಾಸದಲ್ಲಿ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಬೈಲಹೊಂಗಲವಿದ್ದ ಸಂಪಗಾಂವಿ ತಾಲೂಕೂ ಸವದತ್ತಿಯಿದ್ದ ಪರಸಗಡ ತಾಲೂಕೂ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ೧೯೩೯ರ ಕಾಯಿದೆ ಅಲ್ಲಿ ನೇರವಾಗಿ ಜಾರಿಯಾಯಿತು. ನೆರೆಯ ರಾಮದುರ್ಗವಾದರೋ ೧೯೪೮ರ ವಿಲೀನದವರೆಗೆ ಸಂಸ್ಥಾನ. ಬ್ರಿಟಿಷ್ ಹಿಂದುಸ್ತಾನದ ಕಾಯಿದೆಗಳು ಸಂಸ್ಥಾನಗಳಲ್ಲಿ ತಾವಾಗಿ ಜಾರಿಯಾಗುತ್ತಿರಲಿಲ್ಲ. ಎರಡನೆಯದಾಗಿ, ಮುಂಬಯಿ ಪ್ರಾಂತದ ಹಿಂದೂ ಹೆಣ್ಣುಮಗಳಿಗೆ ಕಾಯಿದೆಯ ಮೂಲಕ ಬಿಡುಗಡೆಯ ದಾರಿ ದೊರೆತುದು ೧೯೪೭ರ ಮುಂಬಯಿ ಹಿಂದೂ ವಿವಾಹ ವಿಚ್ಛೇದನ ಕಾಯಿದೆಯಿಂದ. ದೇಶಕ್ಕೆಲ್ಲ ಅದು ಬಂದುದು ೧೯೫೫ರಲ್ಲಿ. ಎಂದರೆ ಒಂದೇ ಓಣಿಯಲ್ಲಿ ನೆರೆಹೊರೆಯಾಗಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಕ್ರೂರಿಯಾದ ಗಂಡನಿಂದ ಕಾಯಿದೆಯ ಬಲದಿಂದ ಬಿಡಿಸಿಕೊಳ್ಳುವ ಹಕ್ಕು ಮುಸಲ್ಮಾನಳಿಗೆ ಎಂಟು ವರುಷ ಮೊದಲೇ ಬಂದಿತ್ತು. ಇದನ್ನು ನೆನೆದರೆ ಒಬ್ಬರನ್ನೊಬ್ಬರು ಹಳಿಯುವ ಅವಕಾಶ ಯಾರಿಗೂ ಉಳಿಯುವುದಿಲ್ಲ.

೧೯೩೯ರ ಕಾಯಿದೆ ಬೀಗ ಬಿದ್ದ ಬಾಗಿಲನ್ನು ತೆರೆಯಿತು. ತೆರೆದೇ ಇದ್ದ ಇನ್ನೊಂದು ಬಾಗಿಲಿಗೆ ಕಾವಲು ಹಾಕಲಿಲ್ಲ. ಒಂದೇ ಉಸಿರಿನ ತಲಾಖು ಹಾಗೆಯೇ ಉಳಿಯಿತು. ಪಾಕಿಸ್ತಾನವು ೧೯೬೧ರ ಕಾಯಿದೆಯಿಂದ ತಲಾಖಿನ ನೋಟೀಸು, ರಾಜಿಪಂಚಾಯತಿ, ತೊಂಬತ್ತು ದಿನಗಳ ಗಡುವು ಇವನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ೧೯೬೬ರ ಏಪ್ರಿಲ್ ೧೮ರಂದು ಹಮೀದ್ ದಳವಾಯಿಯವರ ಮುಂದಾಳುತನದಲ್ಲಿ ಏಳು ಜನ ಮುಸಲ್ಮಾನ ಹೆಣ್ಣುಮಕ್ಕಳು ಮುಂಬಯಿಯ ಬೀದಿಯಲ್ಲಿ ಮೆರವಣಿಗೆ ನಡೆಸಿ, ಈ ತಲಾಖು ನಿಲ್ಲಬೇಕೆಂದು ಸರಕಾರಕ್ಕೆ ಮನವಿ ಕೊಟ್ಟರು. ಏಳೇ ಜನ, ಆದರೆ ದಾರಿ ತೋರಿಸಲು ಏಳು ಜನ ಸಾಲದೆಂದು ಹೇಳುವಂತಿಲ್ಲ.

ಕನ್ನಡ ಸಾಹಿತ್ಯದಲ್ಲಿ ಈ ನೋವು ಮಾತಾದುದು ಕಾಸರಗೋಡಿನ ನೆಲದಿಂದ. ಅಲ್ಲಿ ಹುಟ್ಟಿದ ಸಾರಾ ಅಬೂಬಕರ್ (೧೯೩೬–೨೦೨೩) ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ೧೯೮೧ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟಕ್ಕೆ ಸಿಕ್ಕು ತಲಾಖಿಗೆ ಗುರಿಯಾದ ನಾದಿರಾ, ಪ್ರೀತಿಸುವ ಗಂಡನನ್ನು ಮರಳಿ ಸೇರಬೇಕಾದರೆ ಒಂದು ರಾತ್ರಿಗಾಗಿ ಬೇರೊಬ್ಬನ ಹೆಂಡತಿಯಾಗಬೇಕಾಗಿ ಬಂದು, ಮಸೀದಿಯ ಕೆರೆಯ ಪಾಲಾಗುತ್ತಾಳೆ. ಗಂಡಸಿಗೆ ಹಾಕಿದ ಲಗಾಮು ಹೆಣ್ಣಿನ ಕೊರಳಿಗೆ ಬಿದ್ದಿತೆಂದು ಮೇಲೆ ಹೇಳಿದುದರ ಅರ್ಥ ಇದೇ. ಹಾಸನದ ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಹೆಣ್ಣು ಮಸೀದಿಗೇ ಬಂದು ನ್ಯಾಯ ಕೇಳುತ್ತಾಳೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಲಚ್ಚಿತ್ರಕ್ಕೆ ಆ ಕಥೆಯೇ ಆಧಾರ. ಆ ಕಥೆಯೂ ಸೇರಿದ ಸಂಕಲನದ ಇಂಗ್ಲಿಷ್ ಅನುವಾದಕ್ಕೆ ೨೦೨೫ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ಓದುಗರು ಬಲ್ಲರು.

ಕೋರ್ಟುಗಳ ದಾರಿ ನಿಧಾನವಾದರೂ ಮುಂದೆ ಸಾಗಿತು. ೧೯೮೫ರ ಶಹಾಬಾನೋ ತೀರ್ಪು, ಅದಕ್ಕೆ ಉತ್ತರವಾಗಿ ಬಂದ ೧೯೮೬ರ ಕಾಯಿದೆ, ಆ ಕಾಯಿದೆಗೇ ಅರ್ಥ ಹೇಳಿ ಬಿಡಲ್ಪಟ್ಟವಳ ಮುಂದಿನ ಬಾಳಿಗೂ ಸಾಲುವಷ್ಟನ್ನು ಇದ್ದತಿನ ಅವಧಿಯೊಳಗೆ ಕೊಡತಕ್ಕದ್ದೆಂದ ೨೦೦೧ರ ದಾನಿಯಲ್ ಲತೀಫಿ ತೀರ್ಪು, ಇವು ಒಂದಾದಮೇಲೊಂದು ಬಂದವು. ೨೦೦೨ರ ಶಮೀಮ್ ಆರಾ ತೀರ್ಪು, ತಲಾಖಿಗೆ ಯೋಗ್ಯ ಕಾರಣ ಬೇಕು, ಅದಕ್ಕೆ ಮುನ್ನ ಎರಡೂ ಕಡೆಯ ಮಧ್ಯಸ್ಥರಿಂದ ರಾಜಿಯ ಯತ್ನ ನಡೆದಿರಬೇಕೆಂದಿತು. ೨೦೧೭ರ ಆಗಸ್ಟ್ ೨೨ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಒಂದೇ ಉಸಿರಿನ ಮೂರು ತಲಾಖು ಅಸಿಂಧುವೆಂದು ತೀರ್ಪು ಕೊಟ್ಟರು. ಕರ್ನಾಟಕದವರಾದ ನ್ಯಾಯಮೂರ್ತಿ ಅಬ್ದುಲ್ ನಜೀರರು ಭಿನ್ನಮತದ ಇಬ್ಬರಲ್ಲಿ ಒಬ್ಬರು. ಧರ್ಮದಲ್ಲಿ ಕೆಟ್ಟದ್ದು ಕಾಯಿದೆಯಲ್ಲಿಯೂ ಕೆಟ್ಟದ್ದೇ ಎಂಬ ನ್ಯಾಯಮೂರ್ತಿ ಕುರಿಯನ್ ಜೋಸೆಫರ ಅಭಿಪ್ರಾಯವು ೧೯೦೫ರ ಮಾತಿಗೆ ೧೧೨ ವರುಷಗಳ ನಂತರ ದೊರೆತ ಉತ್ತರ. ೨೦೧೯ರ ಕಾಯಿದೆ ಅಂಥ ತಲಾಖು ಹೇಳಿದವನಿಗೆ ಮೂರು ವರುಷಗಳವರೆಗಿನ ಸೆರೆಯನ್ನು ಗೊತ್ತುಮಾಡಿತು. ಗಂಡ ಸೆರೆಗೆ ಹೋದರೆ ಮನೆ ನಡೆಸುವವರು ಯಾರೆಂದು ಕೇಳಿದವರೂ ಇದ್ದಾರೆ, ಶಿಕ್ಷೆಯ ಅಂಜಿಕೆಯಿಲ್ಲದೆ ಕೇಡು ನಿಲ್ಲದೆಂದವರೂ ಇದ್ದಾರೆ.

ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ೨೦೨೧ರಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು, ಮುಸಲ್ಮಾನರ ಮದುವೆ ಕರಾರೇ ನಿಜ, ಆದರೆ ಕರಾರು ಮುಗಿದೊಡನೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ಮುಗಿಯವು, ನಿರಾಧಾರಳಾದ ಮಾಜಿ ಹೆಂಡತ���ಯ ಪೋಷಣೆ ಅಂಥ ಹೊಣೆಗಳಲ್ಲೊಂದು ಎಂದು ಹೇಳಿದರು. ಅದೇ ವರುಷ ಕೇರಳ ಹೈಕೋರ್ಟು, ಕೋರ್ಟಿನ ಹೊರಗೂ ಖುಲಾ ಮೊದಲಾದ ಮಾರ್ಗಗಳಿಂದ ಬಿಡುಗಡೆ ಪಡೆಯುವ ಹಕ್ಕು ಹೆಂಡತಿಗೆ ಇದೆಯೆಂದು ೧೯೭೨ರ ತನ್ನ ಹಳೆಯ ತೀರ್ಪನ್ನು ತಿದ್ದಿತು. ಕಾಸರಗೋಡಿನ ಹೆಣ್ಣುಮಕ್ಕಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ೨೦೨೪ರ ಜುಲೈ ೧೦ರಂದು ನ್ಯಾಯಮೂರ್ತಿಗಳಾದ ಬಿ. ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹರು, ಜೀವನಾಂಶದ ಸಾಮಾನ್ಯ ಕಾಯಿದೆ ಬಿಡಲ್ಪಟ್ಟ ಮುಸಲ್ಮಾನ ಹೆಣ್ಣುಮಗಳಿಗೂ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿದರು.

ಇಷ್ಟಾದರೂ ಮದುವೆಯ ದಿನ ಬರೆಯುವ ನಿಕಾಹನಾಮೆಯ ಮಹತ್ವ ಕಡಿಮೆಯಾಗಿಲ್ಲ. ಕೋರ್ಟು ಕೊನೆಯ ಬಾಗಿಲು. ಕರಾರು ಮೊದಲ ಬಾಗಿಲು. ಇಲ್ಲಿ ಭಾಷೆಯ ಕಲಿಸುವವನಾಗಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಮೆಹರಿನಲ್ಲಿ ಎರಡು ಬಗೆ: ಕೇಳಿದ ಕೂಡಲೆ ಕೊಡತಕ್ಕದ್ದು ಒಂದು, ಮರಣವೋ ಬಿಡುಗಡೆಯೋ ಆದಾಗ ಕೊಡತಕ್ಕದ್ದು ಇನ್ನೊಂದು. ಅರಬ್ಬಿಯಲ್ಲಿ ಇವಕ್ಕಿರುವ ಎರಡು ಶಬ್ದಗಳಿಗೆ ಒಂದೇ ಅಕ್ಷರದ ಅಂತರ. ಒಂದರಲ್ಲಿ ಐನ್, ಇನ್ನೊಂದರಲ್ಲಿ ಹಮ್ಜ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ಮುಅಜ್ಜಲ್’ ಎಂದೇ ಆಗುತ್ತವೆ. ಅರ್ಥ ನೋಡಿದರೆ ಒಂದು ‘ಈಗ’, ಇನ್ನೊಂದು ‘ಮುಂದೆ’. ಆದಕಾರಣ ಪತ್ರವನ್ನು ಕನ್ನಡದಲ್ಲಿ ಬರೆಸುವವರು ಆ ಶಬ್ದವೊಂದನ್ನೇ ನೆಚ್ಚದೆ, ಇಷ್ಟು ಹಣ ಕೇಳಿದ ಕೂಡಲೆ, ಇಷ್ಟು ಹಣ ಮುಂದೆ ಎಂದು ಬಿಡಿಸಿ ಬರೆಸಬೇಕು. ತಫ್ವೀಜಿನ ಷರತ್ತು ಬೇಕೆಂದಿದ್ದರೆ ಅದನ್ನೂ ಆಗಲೇ, ಸಾಕ್ಷಿಗಳ ಎದುರಿಗೆ, ತಿಳಿಯುವ ನುಡಿಯಲ್ಲಿ ಸೇರಿಸಬೇಕು. ಪತ್ರದ ಒಂದು ಪ್ರತಿ ಹುಡುಗಿಯ ಬಳಿ ಇರಬೇಕು.

ಹದಿಮೂರು ನೂರು ವರುಷಗಳಿಗೂ ಹೆಚ್ಚಿನ ಈ ಇತಿಹಾಸದಲ್ಲಿ ಹೆಣ್ಣಿನ ಹಕ್ಕನ್ನು ತಡೆದುದು ಕೆಲವೊಮ್ಮೆ ರೂಢಿ, ಕೆಲವೊಮ್ಮೆ ಭಾಷ್ಯ, ಕೆಲವೊಮ್ಮೆ ಪರರ ಕೋರ್ಟು. ಇವೆಲ್ಲಕ್ಕೂ ಅನುಕೂಲವಾಗಿ ನಿಂತುದು ಆಕೆಯ ಅನಕ್ಷರತೆ. ಖಲೀಫನನ್ನು ತಡೆದ ಆ ಹೆಣ್ಣುಮಗಳು ತನ್ನ ಹಕ್ಕು ಯಾವ ವಚನದಲ್ಲಿದೆಯೆಂದು ಬಲ್ಲವಳಾಗಿದ್ದಳು. ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತ ಹುಡುಗಿಯರು, ಯಾವ ಧರ್ಮದವರೇ ಆಗಿರಲಿ, ಸಹಿ ಹಾಕುವ ಮೊದಲು ಪತ್ರವನ್ನು ತಾವೇ ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿತರೆ, ಕಾಯಿದೆಯ ಅರ್ಧ ಕೆಲಸ ಕಾಯಿದೆಯ ಸಹಾಯವಿಲ್ಲದೆಯೇ ಆದೀತು.